ಇಂಜಿನ್ ಕೊನೆಗೆ ಕೂರಲಿ

(ಶಿವಮೊಗ್ಗದಲ್ಲಿ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳೇ ಬೈಕಿನ ಇಂಜಿನ್ ಕೈಗೆ ಸಿಕ್ಕಿದ ದಿನವೇ ನಮ್ಮ ಹುಡುಗರಿಗೆ ಗೋ-ಕಾರ್ಟ್ (ಪೈಪಿನ ಚೌಕಟ್ಟಿನ ಪುಟ್ಟ ನಾಲ್ಕು ಚಕ್ರದ ಗಾಡಿ) ಅರ್ಧ ಮುಗಿದ ಹಾಗೆ ಅನಿಸಿಬಿಡುತ್ತದೆ. ಗುಜರಿಯಿಂದ ತರುತ್ತಾರೆ, ತೊಳೆಯುತ್ತಾರೆ, ಕೊಟ್ಟಿಗೆಯಲ್ಲಿ ಎರಡು ಹಲಗೆ ಮೇಲೆ ಇಟ್ಟು ಕಿಕ್ಕರ್ ಹೊಡೆಯುತ್ತಾರೆ. ಅದು ಒಮ್ಮೆ ಗುಡುಗಿದ್ದೇ ತಡ, ಅದರ ಸುತ್ತ ಪೈಪು ಕಟ್ಟಲು ಶುರು. ನಾನು ಇವತ್ತು ಹೇಳಬೇಕೆಂದಿರುವುದು ಇದಕ್ಕೆ ತಿರುಗುಮುರುಗಾದ ಮಾತು. ಇಂಜಿನ್ ಕೊನೆಗೆ ಕೂರಲಿ. ಯಾಕೆಂದರೆ ನಿಮ್ಮ ಗಾಡಿಯಲ್ಲಿ ಪೂರ್ತಿ ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ವರ್ಷಗಟ್ಟಲೆ ಓಡಿಸಿ ನೋಡಿರುವ ಭಾಗ ಅದೊಂದೇ. ಉಳಿದದ್ದೆಲ್ಲ ನಿಮ್ಮದು. ಹಿಂದಿನ ಆಕ್ಸಲ್ ನಿಮ್ಮದು, ಸ್ಟೀರಿಂಗ್ ನಿಮ್ಮದು, ಬ್ರೇಕ್ ನಿಮ್ಮದು. ಕೂತವರ ಜೀವ ಇರುವುದು ಈ ಮೂರರ ಮೇಲೆ.

ಗೋ-ಕಾರ್ಟ್ ಹುಟ್ಟಿದ್ದೇ ಮಿಕ್ಕಿದ ಸಾಮಾನಿನಿಂದ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬವರು ಮೊದಲನೆಯದನ್ನು ಕಟ್ಟಿದರು. ರೇಸ್ ಕಾರು ತಯಾರಿಸುವ ಕಡೆ ಕೆಲಸಕ್ಕಿದ್ದವರು ಅವರು. ಹುಲ್ಲು ಕತ್ತರಿಸುವ ಯಂತ್ರದ ಪುಟ್ಟ ಟೂ ಸ್ಟ್ರೋಕ್ ಇಂಜಿನ್ ಒಂದನ್ನು ಪೈಪಿನ ಚೌಕಟ್ಟಿಗೆ ಕೂರಿಸಿದರು, ಅಷ್ಟೇ. ಹಾಗಾಗಿ ಗುಜರಿ ಇಂಜಿನ್ ಹಾಕಿ ಕಟ್ಟುವವರು ಕೀಳರಿಮೆ ಇಟ್ಟುಕೊಳ್ಳಬೇಕಾಗಿಲ್ಲ. ನಮ್ಮ ಜಿಲ್ಲೆಗಂತೂ ಲೋಹದ ಕೆಲಸ ಹೊಸದಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ ಕರಗಿಸಲು ಶುರುಮಾಡಿತು. ಇವತ್ತಿಗೂ ಮಾಚೇನಹಳ್ಳಿಯಿಂದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ವರೆಗೆ ಲೇತ್ ಗೊತ್ತಿರುವವರಿಗೆ, ಬೆಸುಗೆ ಗೊತ್ತಿರುವವರಿಗೆ ಇಲ್ಲಿ ಬರವಿಲ್ಲ. ನಿಮಗೆ ಬೇಕಾದ ಗುರುಗಳು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲೇ ಇದ್ದಾರೆ.

ಈಗ ಹಿಂದಿನ ಆಕ್ಸಲ್‌ಗೆ ಬರೋಣ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಕಾರಿಗೆ ಇದೆ, ಕಾರ್ಟಿಗೆ ಇಲ್ಲ. ಎರಡೂ ಹಿಂಚಕ್ರ ಒಂದೇ ಶಾಫ್ಟಿಗೆ ಬಿಗಿದಿರುತ್ತವೆ, ಒಂದೇ ಸಮ ತಿರುಗುತ್ತವೆ. ನೇರ ಹೋಗುವಾಗ ತೊಂದರೆಯಿಲ್ಲ. ತಿರುವಿನಲ್ಲಿ ಲೆಕ್ಕ ಹಾಕಿ ನೋಡಿ. ಮೂರು ಮೀಟರ್ ತ್ರಿಜ್ಯದ ತಿರುವು, ಹಿಂಚಕ್ರಗಳ ನಡುವೆ 1.1 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಒಳಗಿನ ಚಕ್ರ 2.45 ಮೀಟರ್ ತ್ರಿಜ್ಯದ ವೃತ್ತದಲ್ಲಿ ಓಡಬೇಕು, ಹೊರಗಿನದು 3.55 ಮೀಟರಿನದರಲ್ಲಿ. ಒಂದೇ ಶಾಫ್ಟಿನಲ್ಲಿದ್ದು ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ? ಯಾವುದಾದರೊಂದು ಉಜ್ಜಿಕೊಂಡೇ ಹೋಗಬೇಕು. ಗಟ್ಟಿ ನೆಲದ ಮೇಲೆ ಆ ಉಜ್ಜಾಟ ಗಾಡಿಯನ್ನು ನೇರಕ್ಕೇ ತಳ್ಳುತ್ತದೆ. ನೀವು ಸ್ಟೀರಿಂಗ್ ತಿರುಗಿಸಿರುತ್ತೀರಿ, ಗಾಡಿ ಮಾತ್ರ ಅಂಗಳದ ಕಟ್ಟೆ ಕಡೆಗೆ ಹೋಗುತ್ತಿರುತ್ತದೆ.

ಇದಕ್ಕೆ ಕಾರ್ಟ್ ಕಟ್ಟುವವರು ಕಂಡುಕೊಂಡ ಉಪಾಯ ನನಗೆ ಇಡೀ ಗಾಡಿಯಲ್ಲೇ ಅತಿ ಚೆಂದದ ಸಂಗತಿ. ಮುಂಚಕ್ರ ಎಡಕ್ಕೆ ಬಲಕ್ಕೆ ಹೊರಳುವುದು ಕಿಂಗ್ ಪಿನ್ ಎಂಬ ಗೂಟದ ಮೇಲೆ. ಅದು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಕಾರ್ಟಿನಲ್ಲಿ ಇದನ್ನು 10 ಡಿಗ್ರಿಗೂ ಹೆಚ್ಚು ಇಡುತ್ತಾರೆ. ಹೀಗೆ ವಾಲಿದ ಪಿನ್ನಿನ ಮೇಲೆ ಚಕ್ರ ತಿರುಗಿದಾಗ ಒಳಗಿನ ಮುಂಚಕ್ರ ನೆಲವನ್ನು ಕೆಳಕ್ಕೆ ಒತ್ತುತ್ತದೆ, ಹೊರಗಿನ ಮುಂಚಕ್ರ ಮೇಲಕ್ಕೇಳುತ್ತದೆ. ಸಮವಿಲ್ಲದ ನೆಲದ ಮೇಲಿಟ್ಟ ಮಂಚ ಎದುರುಬದುರು ಮೂಲೆಯ ಎರಡು ಕಾಲಿನ ಮೇಲೆ ನಿಂತು ಮೂರನೆಯದನ್ನು ಎತ್ತುತ್ತದಲ್ಲ, ಹಾಗೆ ಗಾಡಿಯ ಭಾರ ಒಳಗಿನ ಮುಂಚಕ್ರಕ್ಕೂ ಹೊರಗಿನ ಹಿಂಚಕ್ರಕ್ಕೂ ಹೋಗಿ, ಒಳಗಿನ ಹಿಂಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ಉಜ್ಜಿದರೂ ಗಾಡಿಯನ್ನು ತಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಡಿಫರೆನ್ಷಿಯಲ್ ಇಲ್ಲದೆ, ಒಂದು ಪಿನ್ನನ್ನು ಓರೆ ಇಟ್ಟು ತಿರುವು ಸಾಧಿಸುವ ಈ ಬುದ್ಧಿವಂತಿಕೆಯನ್ನು ಕೈಯಾರೆ ಮಾಡಿ ನೋಡಿದವರಿಗೆ ಪುಸ್ತಕದ ಚಿತ್ರ ಆಮೇಲೆ ಬೇರೆಯೇ ಕಾಣುತ್ತದೆ.

ಆದರೆ ಇದು ನಡೆಯಬೇಕಾದರೆ ಚೌಕಟ್ಟು ಸ್ವಲ್ಪ ಬಾಗಬೇಕು, ತಿರುಚಬೇಕು. ಕಾರ್ಟಿಗೆ ಶಾಕ್ ಅಬ್ಸಾರ್ಬರ್ ಇಲ್ಲ, ಚೌಕಟ್ಟೇ ಸ್ಪ್ರಿಂಗು. ನಮ್ಮ ಕಡೆ ವೆಲ್ಡಿಂಗ್ ಶಾಪಿಗೆ ಹೋದರೆ ‘ಗಟ್ಟಿ ಬರ್ಲಿ ಬಿಡಿ’ ಅಂತ ಅಡ್ಡಕ್ಕೊಂದು, ಓರೆಗೊಂದು ಪೈಪು ಸೇರಿಸಿ ಗೇಟು ಮಾಡಿದ ಹಾಗೆ ಮಾಡಿಕೊಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಬೇಡ ಎನ್ನಿ. ಅತಿ ಬಿಗಿಯಾದ ಚೌಕಟ್ಟಿನಲ್ಲಿ ಏರುತಗ್ಗು ಬಂದಾಗೆಲ್ಲ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಒಂದರಿಂದ ಒಂದೂಕಾಲು ಇಂಚಿನ ದುಂಡು ಪೈಪು, ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪ, ಮುಂದಿನಿಂದ ಹಿಂದಕ್ಕೆ ಎರಡು ಉದ್ದ ಪೈಪು, ಬೇಕಾದಲ್ಲಿ ಮಾತ್ರ ಅಡ್ಡಪಟ್ಟಿ. ಸಾಕು.

ಪೈಪಿನ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ತೋಟವಿರುವ ಮನೆಯಲ್ಲೆಲ್ಲ ಹಳೇ ಜಿಐ ಪೈಪು ಬಿದ್ದಿರುತ್ತದೆ. ಸ್ಪ್ರಿಂಕ್ಲರಿನದೋ, ಪಂಪಿನದೋ. ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ತಂದು ಬೆಸುಗೆಗೆ ಕೂರುತ್ತಾರೆ. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ, ಉಕ್ಕು ಕರಗುವುದು 1,400 ದಾಟಿದ ಮೇಲೆ. ಅಂದರೆ ಉಕ್ಕು ಬೆಸೆಯುವ ಹೊತ್ತಿಗೆ ಸತುವೆಲ್ಲ ಬಿಳಿ ಹೊಗೆಯಾಗಿ ನಿಮ್ಮ ಮೂಗಿಗೆ ಹೋಗಿರುತ್ತದೆ. ಆ ರಾತ್ರಿ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಮಳೆಗಾಲದ ಜ್ವರವೆಂದು ಕಷಾಯ ಕುಡಿದು ಮಲಗುತ್ತಾರೆ. ಬೆಸುಗೆಯೂ ತೂತುತೂತಾಗಿ ಸತ್ವ ಕಳೆದುಕೊಂಡಿರುತ್ತದೆ. ಜಿಐ ಪೈಪನ್ನು ತೋಟಕ್ಕೇ ಬಿಡಿ, ಕಾರ್ಟಿಗೆ ಲೇಪವಿಲ್ಲದ ಕಪ್ಪು ಎಂಎಸ್ (ಮೈಲ್ಡ್ ಸ್ಟೀಲ್) ಪೈಪು ತನ್ನಿ.

ಪೂರ್ತಿ ಬೆಸುಗೆಗೆ ಮೊದಲು ಎಲ್ಲ ಕಡೆ ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸಿ. ಟೇಪು ತೆಗೆದು ಎಡಮುಂದಿನ ಮೂಲೆಯಿಂದ ಬಲಹಿಂದಿನ ಮೂಲೆಗೆ ಅಳೆಯಿರಿ, ಆಮೇಲೆ ಅದರ ಎದುರಿನದು. ಎರಡೂ ಸಮ ಬಂದರೆ ಮುಂದಿನ ಮಾತು. ಬೆಸುಗೆ ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆ ಎಳೆಯುತ್ತದೆ. ಒಂದೇ ಬದಿಯಲ್ಲಿ ಉದ್ದಕ್ಕೆ ಹಾಕುತ್ತ ಹೋದರೆ ಸಂಜೆ ಹೊತ್ತಿಗೆ ಚೌಕಟ್ಟು ಓರೆಯಾಗಿರುತ್ತದೆ. ಎಡಕ್ಕೊಂದು ಚೂರು, ಬಲಕ್ಕೊಂದು ಚೂರು, ನಡುವೆ ಆರಲು ಬಿಡಿ, ಮತ್ತೆ ಟೇಪು.

ಶಾಫ್ಟಿಗೆ 30 ಮಿಲಿಮೀಟರಿನ ಇಎನ್8 ಎಂಬ ದರ್ಜೆಯ ಉಕ್ಕಿನ ನುಣುಪು ಸರಳು (ಬ್ರೈಟ್ ಬಾರ್) ಚೆನ್ನಾಗಿರುತ್ತದೆ. ಅದಕ್ಕೆ ಯುಸಿಪಿ 206 ಪ್ಲಮ್ಮರ್ ಬ್ಲಾಕ್, ಅಂದರೆ ಬೋಲ್ಟ್ ಹಾಕಿ ಕೂರಿಸುವ ಗೂಡಿನೊಳಗಿನ ಬೇರಿಂಗ್, ಸರಿಯಾಗಿ ಕೂರುತ್ತದೆ. ಬೇರಿಂಗ್‌ಗಳನ್ನು ಚಕ್ರಕ್ಕೆ ಆದಷ್ಟು ಹತ್ತಿರ ಇಡಿ, ದೂರವಿಟ್ಟಷ್ಟೂ ಶಾಫ್ಟಿನ ತುದಿ ಬಾಗುತ್ತದೆ. ಇಲ್ಲೊಂದು ಮುಖ್ಯ ಮಾತು: ಹಬ್ಬನ್ನೋ ಸ್ಪ್ರಾಕೆಟನ್ನೋ ಶಾಫ್ಟಿಗೆ ನೇರ ಬೆಸುಗೆ ಹಾಕಬೇಡಿ. ಇಎನ್8ನಲ್ಲಿ ಸುಮಾರು ಶೇ 0.4ರಷ್ಟು ಕಾರ್ಬನ್ ಇದೆ. ಬೆಸುಗೆಯ ಬಿಸಿ ತಗುಲಿ ಬೇಗ ಆರಿದ ಜಾಗ ಪೆಡಸಾಗುತ್ತದೆ, ಅಲ್ಲೇ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಒಂದು ದಿನ ತಿರುವಿನಲ್ಲಿ ಚಕ್ರ ಬೇರೆ, ಗಾಡಿ ಬೇರೆ. ಲೇತ್‌ನವರ ಹತ್ತಿರ ಹಬ್ ತಿರುಗಿಸಿ, ಶಾಫ್ಟಿಗೆ ಕೀ-ವೇ ಎಂಬ ಗಾಡಿ ಹೊಡೆಸಿ, ಅದರಲ್ಲಿ ಕೀ ಎಂಬ ಲೋಹದ ತುಂಡು ಕೂರಿಸಿ ಬೋಲ್ಟ್ ಬಿಗಿಯಿರಿ. ದುಡ್ಡು ಖರ್ಚಾಗುವ ಜಾಗ ಇದು, ಆಗಲಿ.

ಸ್ಟೀರಿಂಗ್‌ಗೆ ಬಂದರೆ ಇನ್ನೊಂದು ಲೆಕ್ಕವಿದೆ. ಅದೇ ಮೂರು ಮೀಟರಿನ ತಿರುವು, ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 1.05 ಮೀಟರ್, ಎರಡು ಕಿಂಗ್ ಪಿನ್ ನಡುವೆ 90 ಸೆಂಟಿಮೀಟರ್. ಒಳಗಿನ ಮುಂಚಕ್ರ ಸುಮಾರು 22 ಡಿಗ್ರಿ ತಿರುಗಬೇಕು, ಹೊರಗಿನದು 17. ಎರಡನ್ನೂ ಸಮ ತಿರುಗಿಸಿದರೆ ಒಂದು ಟೈರು ಅಡ್ಡಡ್ಡ ಎಳೆದುಕೊಂಡು ಬರುತ್ತದೆ. ಈ ವ್ಯತ್ಯಾಸ ತಾನಾಗಿ ಬರುವ ಹಾಗೆ ಮಾಡುವ ಜೋಡಣೆಗೆ ಆಕರ್ಮನ್ ಎಂದು ಹೆಸರು. 1818ರಲ್ಲಿ ಕುದುರೆಗಾಡಿಗಾಗಿ ಪೇಟೆಂಟ್ ಆದದ್ದು. ಮೋಟಾರು ಕಾರು ಹುಟ್ಟುವುದಕ್ಕೆ ಎಷ್ಟೋ ದಶಕ ಮುಂಚೆ! ಮಾಡುವುದು ಸುಲಭ. ಕಿಂಗ್ ಪಿನ್ನಿನಿಂದ ಹಿಂದಿನ ಆಕ್ಸಲ್‌ನ ನಟ್ಟನಡುವಿಗೆ ನೆಲದ ಮೇಲೆ ದಾರ ಎಳೆಯಿರಿ, ಸ್ಟೀರಿಂಗ್ ಆರ್ಮ್ ಆ ದಾರದ ಗುಂಟವೇ ಇರಲಿ. ಎರಡು ಮುಂಚಕ್ರಗಳನ್ನು ಸ್ಟೀರಿಂಗ್‌ಗೆ ಜೋಡಿಸುವ ಟೈ ರಾಡಿನ ತುದಿಗಳಿಗೆ ಬಾಲ್ ಜಾಯಿಂಟ್ ಹಾಕಿ, ನಟ್ಟು ಅದುರಿ ಸಡಿಲಾಗದ ನೈಲಾಕ್ ಬಗೆಯದಿರಲಿ. ಬೋಲ್ಟಿನ ತಲೆ ಮೇಲೆ ಗಟ್ಟಿತನದ ದರ್ಜೆ 8.8 ಎಂದು ಒತ್ತಿರುವುದನ್ನು ನೋಡಿಯೇ ತನ್ನಿ. ಏನೂ ಬರೆಯದ ಬೋಲ್ಟು ಬಾಗಿಲ ಚಿಲಕಕ್ಕಾಯಿತು, ಕಿಂಗ್ ಪಿನ್ನಿಗಲ್ಲ. ಚಕ್ರ ಮಿತಿಮೀರಿ ತಿರುಗಿ ಟೈ ರಾಡ್ ಮಗುಚದಂತೆ ಎರಡೂ ಕಡೆ ತಡೆ ಬೆಸೆಯಿರಿ.

ಬ್ರೇಕ್. ಕಾರ್ಟೂ ಕೂತವರೂ ಸೇರಿ 150 ಕಿಲೋ ಅಂತಿಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಒಣ ಸಿಮೆಂಟ್ ಅಂಗಳದಲ್ಲಿ, ಹಿಂಚಕ್ರಕ್ಕೆ ಮಾತ್ರ ಬ್ರೇಕ್ ಇರುವ ಗಾಡಿ ನಿಲ್ಲಲು 15 ಮೀಟರಿನಷ್ಟು ಬೇಕು ಎಂದು ಲೆಕ್ಕ ಹಿಡಿಯಿರಿ. ಅದೂ ಬ್ರೇಕ್ ತುಳಿದ ಮೇಲೆ, ಕಣ್ಣು ಕಂಡು ಕಾಲು ಕದಲುವ ಹೊತ್ತು ಬೇರೆ. ವೇಗ ಎರಡರಷ್ಟಾದರೆ ಈ ದೂರ ನಾಲ್ಕರಷ್ಟಾಗುತ್ತದೆ. ಜೂನ್ ತಿಂಗಳ ಪಾಚಿ ಕಟ್ಟಿದ ಅಂಗಳದ ಲೆಕ್ಕ ನಾನು ಹೇಳಬೇಕಾಗಿಲ್ಲ, ನೀವೆಲ್ಲ ಜಾರಿ ಬಿದ್ದವರೇ. ಅಡಿಕೆ ಒಣಗಿಸುವ ಅಂಗಳದಲ್ಲಿ ಎಷ್ಟು ಜಾಗವಿದೆ ಎಂದು ಮೊದಲು ಅಳೆಯಿರಿ, ಗಾಡಿಗೆ ಎಷ್ಟು ವೇಗ ಬೇಕೆಂಬುದನ್ನು ಆ ಅಳತೆಯೇ ಹೇಳುತ್ತದೆ.

ಬೈಕಿನ ಡಿಸ್ಕ್ ಪ್ಲೇಟನ್ನು ಹಿಂದಿನ ಶಾಫ್ಟಿಗೆ ಹಬ್ ಮಾಡಿಸಿ ಕೂರಿಸಬಹುದು, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಅದೇ ಬೈಕಿನದು ಸಾಕು. ಬ್ರೇಕ್ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್ ಮಾತ್ರ ಹಿಂದೆ ಡಿಸ್ಕ್ ಇರುವ ಬೈಕಿನದು ತನ್ನಿ, ಅದು ಕಾಲಿನಲ್ಲಿ ತುಳಿಯಲೆಂದೇ ಇರುವುದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಣ್ಣೆ ಹೊಸತಿದ್ದಾಗ 230 ಡಿಗ್ರಿಗೂ ಕುದಿಯಬಾರದು. ನೀರು ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಆಗುಂಬೆ, ಹೊಸನಗರದ ಮಳೆ ಕಂಡವರಿಗೆ ತೇವ ಎಂದರೇನು ಎಂದು ಗೊತ್ತು. ಪ್ರತಿ ಮಳೆಗಾಲ ಕಳೆದ ಮೇಲೆ ಎಣ್ಣೆ ಬದಲಿಸಿ. ಗುಜರಿಯ ಕ್ಯಾಲಿಪರ್ ಆದರೆ ಸೀಲು ಹೊಸತು ಹಾಕಿ.

ಇಷ್ಟೆಲ್ಲ ಆಗಿ, ಗಾಡಿಯನ್ನು ಇಳಿಜಾರಿನಲ್ಲಿ ಕೈಯಲ್ಲಿ ತಳ್ಳಿ, ತಿರುಗಿಸಿ, ನಿಲ್ಲಿಸಿ ನೋಡಿ. ಇಂಜಿನ್ ಇಲ್ಲದೆ ಸರಿಯಾಗಿ ತಿರುಗಿ ನಿಂತರೆ, ಈಗ ಇಂಜಿನ್ ತನ್ನಿ.

ಯಾವುದು? ಯಮಹಾ ಆರ್‌ಎಕ್ಸ್ 100 ಬೈಕಿನ ಇಂಜಿನ್ ಹಾಕಬೇಕು ಎಂಬ ಆಸೆ ನಿಮ್ಮಲ್ಲಿ ತುಂಬ ಜನಕ್ಕಿದೆ, ನನಗೆ ಗೊತ್ತು. ಬೇಡ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಯೂ ಬೇಡ. ಅವು ಮತ್ತೆ ಹುಟ್ಟುವುದಿಲ್ಲ, ಇಡಿಯಾಗಿ ಉಳಿಸಬೇಕಾದ ಬೈಕುಗಳು. ಹಳೇ ಸ್ಪ್ಲೆಂಡರ್ ತನ್ನಿ. 97.2 ಸಿಸಿ, ಏಳೆಂಟು ಅಶ್ವಶಕ್ತಿ, ಬಿಡಿಭಾಗ ತೀರ್ಥಹಳ್ಳಿಯಲ್ಲೂ ಸಿಗುತ್ತದೆ, ಸೊರಬದಲ್ಲೂ ಸಿಗುತ್ತದೆ. ಅದರ ಸಿಲಿಂಡರ್ ಮುಂದಕ್ಕೆ ಮಲಗಿದೆ, ಹಾಗಾಗಿ ಎತ್ತರ ಕಡಿಮೆ. ಚೈನು ಎಡಗಡೆ. ಸೀಟಿನ ಬಲಗಡೆ ಇಂಜಿನ್ ಇಟ್ಟರೆ ಚೈನು ನೇರ ಹಿಂದಿನ ಶಾಫ್ಟಿಗೆ ಹೋಗುತ್ತದೆ, ಹೆಡ್ಡಿಗೆ ಎದುರುಗಾಳಿ ಬಡಿಯುತ್ತದೆ. ಸೀಟಿನ ಹಿಂದೆ ಬಚ್ಚಿಟ್ಟರೆ ಗಾಳಿ ತಾಗದೆ ಸುಟ್ಟುಹೋಗುತ್ತದೆ. ಬೈಕಿನಲ್ಲಿ ಎಷ್ಟು ವಾಲಿತ್ತೋ ಅಷ್ಟೇ ವಾಲಿಸಿ ಕೂರಿಸಿ, ಇಲ್ಲದಿದ್ದರೆ ಆಯಿಲ್ ಹೋಗಬೇಕಾದ ಕಡೆ ಹೋಗುವುದಿಲ್ಲ. ಕೇಸಿಂಗಿಗೆ ಬೆಸುಗೆ ಬೇಡ, ಅದರದ್ದೇ ಬೋಲ್ಟ್ ತೂತುಗಳಿವೆ. ಪ್ಲೇಟಿನ ತೂತನ್ನು ಉದ್ದುದ್ದ ಕೊರೆಸಿದರೆ ಚೈನ್ ಬಿಗಿ ಮಾಡಲು ಇಂಜಿನ್ನನ್ನೇ ಹಿಂದೆಮುಂದೆ ಸರಿಸಬಹುದು.

ಕೊಳ್ಳುವಾಗ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲನ್ನು ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿಯಿರಿ. ಮಿನುಗು ಕಂಡರೆ ಒಳಗೆ ಲೋಹ ಸವೆದಿದೆ. ಹಾಲು ಬೆರೆಸಿದ ಬಣ್ಣ ಕಂಡರೆ ನೀರು ಹೋಗಿದೆ. ಕೊಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ನಿಂತ ಬೈಕಾದರೆ ಕಾರ್ಬುರೇಟರ್ ಬಾಯಲ್ಲೂ ಸೈಲೆನ್ಸರ್ ತುದಿಯಲ್ಲೂ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ವೈರನ್ನು ಇಲಿ ತಿಂದಿರುತ್ತದೆ. ಹಳೆಯ ಮಾದರಿಯಲ್ಲಿ ಕಿಡಿಗೆ ಬೇಕಾದ ಕರೆಂಟು ಮ್ಯಾಗ್ನೆಟ್ ಕಾಯಿಲಿನಿಂದಲೇ ಬರುತ್ತದೆ, ಬ್ಯಾಟರಿ ಇಲ್ಲದೆ ಕಿಕ್ಕರಿಗೆ ಸ್ಟಾರ್ಟ್ ಆಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಫ್ಯೂಯಲ್ ಇಂಜೆಕ್ಷನ್ ಬೈಕಾದರೆ ಸೆನ್ಸರ್, ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಪಂಪು ಎಲ್ಲವನ್ನೂ ಕಿತ್ತು ತರಬೇಕು. ಮೊದಲ ಗಾಡಿಗೆ ಆ ತಲೆನೋವು ಬೇಡ.

ಮತ್ತೆ, ಆರ್‌ಸಿ ಕಾಗದವಿಲ್ಲದ ಇಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಇಂಜಿನ್ ನಂಬರು ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಬೈಕನ್ನು ಪೂರ್ತಿ ಬಿಚ್ಚಿಹಾಕಿದ್ದರೆ ಅದರ ಮಾಲೀಕರು ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು, 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುವುದು ಇದನ್ನೇ.

ವೇಗದ ಲೆಕ್ಕ ಈಗ ನೋಡೋಣ. ಬೈಕಿನ ಚಕ್ರ ಟೈರು ಸೇರಿ ಸುಮಾರು 24 ಇಂಚು ಎತ್ತರ. ರೇಸಿಂಗ್ ಕಾರ್ಟಿನ ಹಿಂಚಕ್ರ 11 ಇಂಚು. ಬೈಕಿನ ಸ್ಪ್ರಾಕೆಟ್‌ಗಳನ್ನೇ ಹಾಕಿದರೆ, ಬೈಕು 80ರಲ್ಲಿ ಓಡುವ ಆರ್‌ಪಿಎಂನಲ್ಲಿ ಕಾರ್ಟ್ 37ರಲ್ಲಿ ಓಡುತ್ತದೆ. ಎಳೆಯುವ ಶಕ್ತಿ ಎರಡರಷ್ಟಕ್ಕೂ ಮೇಲೆ. ಹಳೇ ಸ್ಕೂಟರಿನ 10 ಇಂಚಿನ ರಿಮ್ಮು ಹಾಕಿದರೆ ಟೈರು ಸೇರಿ 17 ಇಂಚು, ವೇಗ 57ರ ಹತ್ತಿರ. ಸ್ಪ್ರಾಕೆಟ್‌ನ ಹಲ್ಲು ಬದಲಿಸಿಯೂ ವೇಗ ಹೆಚ್ಚಿಸಬಹುದು. ಆದರೆ ಹಲ್ಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. 428 ಅಳತೆಯ ಬೈಕ್ ಚೈನಿಗೆ 42 ಹಲ್ಲಿನ ಸ್ಪ್ರಾಕೆಟ್ ಎಂದರೆ 170 ಮಿಲಿಮೀಟರ್ ಅಗಲ. 11 ಇಂಚಿನ ಟೈರಿನಲ್ಲಿ ಅದಕ್ಕೂ ನೆಲಕ್ಕೂ ಉಳಿಯುವುದು ಐದು ಸೆಂಟಿಮೀಟರ್. ಜಂಬಿಟ್ಟಿಗೆಯ ನೆಲದಲ್ಲಿ, ಕಲ್ಲು ಎದ್ದ ತೋಟದ ದಾರಿಯಲ್ಲಿ ಮೊದಲ ದಿನವೇ ಚೈನು ಕಲ್ಲಿಗೆ ಬಡಿಯುತ್ತದೆ. 30 ಹಲ್ಲಿನದಾದರೆ ಏಳೂವರೆ ಸೆಂಟಿಮೀಟರ್ ಉಳಿಯುತ್ತದೆ. ನಮ್ಮ ನೆಲಕ್ಕೆ ಸ್ಕೂಟರ್ ಚಕ್ರವೇ ವಾಸಿ ಎಂಬುದು ನನ್ನ ಅಭಿಪ್ರಾಯ. ವೇಗ ಹೆಚ್ಚಾಯಿತು ಅನಿಸಿದರೆ ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿ, ಸ್ಕೂಟರ್ ಚಕ್ರಕ್ಕೆ ಅದಕ್ಕೂ ಎತ್ತರವಿದೆ.

ಪೆಟ್ರೋಲ್ ಟ್ಯಾಂಕು ಕಾರ್ಬುರೇಟರ್‌ಗಿಂತ ಮೇಲಿರಬೇಕು, ಟ್ಯಾಂಕಿಗೂ ಕೂತವರಿಗೂ ನಡುವೆ ತಗಡಿನ ಗೋಡೆ ಇರಬೇಕು. ಆಕ್ಸಿಲೇಟರ್‌ಗೆ ಪೆಡಲಿನ ಹತ್ತಿರ ಒಂದು ಸ್ಪ್ರಿಂಗು, ಕಾರ್ಬುರೇಟರ್ ಹತ್ತಿರ ಇನ್ನೊಂದು. ಒಂದು ಕಿತ್ತುಹೋದರೆ ಇನ್ನೊಂದು ಎಳೆಯಲಿ. ಕೈಗೆಟುಕುವಲ್ಲಿ ಕಿಲ್ ಸ್ವಿಚ್.

ಚೈನು, ಶಾಫ್ಟು, ಸ್ಪ್ರಾಕೆಟ್ ಪೂರ್ತಿ ಮುಚ್ಚಿರಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಗೋ-ಕಾರ್ಟಿನಲ್ಲಿ ಕೂತ ಹೆಣ್ಣುಮಕ್ಕಳ ಕೂದಲು ತಿರುಗುವ ಭಾಗಕ್ಕೆ ಸಿಕ್ಕಿ ನಮ್ಮ ದೇಶದಲ್ಲಿ ಜೀವಗಳು ಹೋಗಿವೆ. ಕೂತವರ ಬೆನ್ನ ಹಿಂದೆ ಅಂಗೈ ಅಗಲದ ಸಂದಿಯೂ ಇರಕೂಡದು. ಶಾಲು, ದುಪಟ್ಟಾ, ಪಂಚೆ ಬೇಡ. ಕೂದಲು ಕಟ್ಟಿ, ಹೆಲ್ಮೆಟ್ಟಿನ ಒಳಗೆ. ತಂಗಿಯನ್ನು ಒಂದು ಸುತ್ತು ಕೂರಿಸುವ ಮುಂಚೆ ಈ ಮುಚ್ಚಳ ಮುಗಿದಿರಲಿ.

ಮನೆಯಲ್ಲಿ ಕಟ್ಟಿದ ಕಾರ್ಟಿಗೆ ನೋಂದಣಿ ಇಲ್ಲ. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಊರ ರಸ್ತೆ ಖಾಲಿಯಿದ್ದರೂ ಅದು ರಸ್ತೆಯೇ. 18 ತುಂಬದವರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬೇಲಿ ಹಾಕಿದ ನಿಮ್ಮ ಜಾಗದಲ್ಲಿ ಓಡಿಸಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: ‘ಸಾರ್, ಇದರಲ್ಲೇ ತೋಟದಿಂದ ಅಡಿಕೆಗೊನೆ ಸಾಗಿಸಬಹುದಾ? ಆದರೆ ರಿವರ್ಸ್ ಗೇರ್ ಇಲ್ವಲ್ಲ?’

ಒಳ್ಳೆಯ ಪ್ರಶ್ನೆ. ಬೈಕಿನ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಇಲ್ಲ, ಆಟದ ಗಾಡಿಗೆ ಬೇಕಾಗಿಯೂ ಇಲ್ಲ, ಇಳಿದು ಹಿಂಬದಿ ಎತ್ತಿ ತಿರುಗಿಸಿದರಾಯಿತು. ಗೊನೆ ತುಂಬಿದ ಗಾಡಿ ಹಾಗಲ್ಲ. ಭಾರ ಹೊತ್ತಾಗ ಒಂದೇ ಶಾಫ್ಟಿನ ಹಿಂಚಕ್ರ ತೋಟದ ಕಪ್ಪಿನ (ಬಸಿಗಾಲುವೆಯ) ಪಕ್ಕದ ತಿರುವಿನಲ್ಲಿ ಹಠ ಹಿಡಿಯುತ್ತದೆ, ತಗ್ಗಿನಲ್ಲಿ ಬ್ರೇಕೂ ಸಾಲದು. ಅದಕ್ಕೆ ಗುಜರಿಯಲ್ಲಿ ಆಟೋರಿಕ್ಷಾದ ಇಂಜಿನ್ ಹುಡುಕು. ಅದರ ಗೇರ್‌ಬಾಕ್ಸಿನೊಳಗೇ ಡಿಫರೆನ್ಷಿಯಲ್ ಇದೆ, ರಿವರ್ಸೂ ಇದೆ, ಮೂರೂ ಚಕ್ರಕ್ಕೆ ಬ್ರೇಕ್ ಇರುವ ಗಾಡಿ ಅದು. ಹಿಂದಿನ ಅರ್ಧವನ್ನು ಬಿಚ್ಚದೆ ಹಾಗೇ ಇಡಿಯಾಗಿ ತಾ, ಮುಂದಿನದನ್ನು ಕೂತು ಮಾತಾಡೋಣ.